ಕ್ವಾರ್ಟರ್ ಬಾಟಲಿಯ ಲೆಕ್ಕ

ಕರ್ನಾಟಕದ ಮದ್ಯದಂಗಡಿಗಳಲ್ಲಿ ಕೂಲಿಕಾರರೂ ಸಣ್ಣ ರೈತರೂ ಸಾಮಾನ್ಯವಾಗಿ ಕೊಳ್ಳುವ ಮದ್ಯಕ್ಕೆ ಎರಡು ಅಳತೆಗಳಿವೆ. 90 ಮಿಲಿಲೀಟರಿನ ಕಾಗದದ ಪೊಟ್ಟಣಕ್ಕೆ ‘ನೈಂಟಿ’ ಎಂದೂ 180 ಮಿಲಿಲೀಟರಿನ ಬಾಟಲಿಗೆ ‘ಕ್ವಾರ್ಟರ್’ ಎಂದೂ ಹೆಸರು. ಭಾರತದಲ್ಲಿ ತಯಾರಾಗುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೊಹಾಲ್ ಇರುವುದರಿಂದ ಮತ್ತು ಆಲ್ಕೊಹಾಲ್ ನೀರಿಗಿಂತ ಹಗುರವಾದುದರಿಂದ, ಒಂದು ನೈಂಟಿ ಕುಡಿದವನ ಹೊಟ್ಟೆಗೆ ಸುಮಾರು 30 ಗ್ರಾಂ, ಒಂದು ಕ್ವಾರ್ಟರ್ ಕುಡಿದವನ ಹೊಟ್ಟೆಗೆ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇಳಿಯುತ್ತದೆ. ಒಂದೇ ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಆಲ್ಕೊಹಾಲನ್ನು ತಿಂಗಳಿಗೆ ಒಮ್ಮೆಯಾದರೂ ಸೇವಿಸುವವರನ್ನು ವಿಶ್ವ ಆರೋಗ್ಯ ಸಂಸ್ಥೆ ಭಾರಿ ಪ್ರಮಾಣದಲ್ಲಿ ಕುಡಿಯುವವರ ಪಟ್ಟಿಗೆ ಸೇರಿಸುತ್ತದೆ. ‘ದಿನಕ್ಕೆ ಒಂದು ಕ್ವಾರ್ಟರ್, ಅಷ್ಟೇ’ ಎಂದು ಊರಿನಲ್ಲಿ ಹಗುರವಾಗಿ ಹೇಳಿಬಿಡುವ ಪ್ರಮಾಣವು, ತಿಂಗಳಿಗೊಮ್ಮೆ ನಡೆದರೂ ಅಪಾಯವೆಂದು ವೈದ್ಯಲೋಕ ಎಣಿಸುವ ಗೆರೆಯನ್ನು ತಿಂಗಳಿಗೆ ಮೂವತ್ತು ಸಲ ಮುಟ್ಟುತ್ತದೆ.

ಕನ್ನಡದಲ್ಲಿ ಈ ಸ್ಥಿತಿಗೆ ಇರುವ ಹಳೆಯ ಮಾತು ‘ವ್ಯಸನ’. ಅದಕ್ಕೆ ಚಟ ಎಂಬ ಅರ್ಥ ಇರುವಂತೆಯೇ ದುಃಖ ಎಂಬ ಅರ್ಥವೂ ಇದೆ. ಸಾವಿನ ಮನೆಯವರು ‘ವ್ಯಸನದಲ್ಲಿದ್ದಾರೆ’ ಎಂದು ಹೇಳುವ ರೂಢಿ ಇಂದಿಗೂ ಉಳಿದಿದೆ. ಜೈನ ಗ್ರಂಥಗಳು ಎಣಿಸುವ ಸಪ್ತವ್ಯಸನಗಳಲ್ಲಿ ಜೂಜು, ಬೇಟೆ, ಕಳ್ಳತನಗಳ ಜೊತೆಗೆ ಮದ್ಯವೂ ಸೇರಿದ್ದು, ಅಲ್ಲಿ ಅದು ಮನುಷ್ಯನ ನಡತೆಯ ದೋಷವಾಗಿ ಕಾಣಿಸಿಕೊಳ್ಳುತ್ತದೆ. ಆಧುನಿಕ ವೈದ್ಯಶಾಸ್ತ್ರ ಇದೇ ಸ್ಥಿತಿಯನ್ನು ಕಾಯಿಲೆ ಎಂದು ಕರೆಯುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೇ ಸೇರಿಸಿರುವುದರಿಂದ, ವ್ಯಸನಿಯೂ ಇತರ ರೋಗಿಗಳಂತೆ ಚಿಕಿತ್ಸೆಯ ಹಕ್ಕುಳ್ಳವನು ಎಂಬುದು ಈಗ ಕಾನೂನಿನ ಮಾತೂ ಹೌದು. ಆದರೆ ಸಮಾಜದ ತೀರ್ಪು ಬಹುಮಟ್ಟಿಗೆ ಸಪ್ತವ್ಯಸನಗಳ ಕಾಲದಲ್ಲಿಯೇ ನಿಂತಿದೆ. ಕುಡಿಯುವವನು ನಾಟಕ, ಸಿನಿಮಾಗಳಲ್ಲಿ ನಗೆಯ ಪಾತ್ರ, ಮನೆಯಲ್ಲಿ ನಾಚಿಕೆಯ ವಿಷಯ, ಆಸ್ಪತ್ರೆಯ ಸಾಲಿನಲ್ಲಿ ಮಾತ್ರ ಅಪರೂಪದ ಅತಿಥಿ.

ಕುಡಿಯುವವರೆಲ್ಲರೂ ವ್ಯಸನಿಗಳಲ್ಲ ಎಂಬುದನ್ನು ಮೊದಲೇ ಹೇಳಬೇಕು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಸಿ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ಮೂರು ಮೆಟ್ಟಿಲುಗಳನ್ನು ಗುರುತಿಸುತ್ತದೆ. 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ 14.6ರಷ್ಟು, ಎಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ; ಅವರಲ್ಲಿ ಸುಮಾರು 5.7 ಕೋಟಿ ಜನರ ಕುಡಿತ ದೇಹಕ್ಕೋ ಸಂಸಾರಕ್ಕೋ ದುಡಿಮೆಗೋ ಹಾನಿ ಮಾಡುವ ಹಂತ ತಲುಪಿದೆ, ಆ 5.7 ಕೋಟಿಯೊಳಗೆ ಸುಮಾರು 2.9 ಕೋಟಿ ಜನ ಅವಲಂಬನೆಯ ಸ್ಥಿತಿಯಲ್ಲಿದ್ದಾರೆ. ಅವಲಂಬನೆ ಎಂದರೆ ಕುಡಿಯದೆ ಇರಲಾರದ ತುಡಿತ, ಶುರುಮಾಡಿದರೆ ನಿಲ್ಲಿಸಲಾಗದ ಸ್ಥಿತಿ, ಮೊದಲಿನ ಅಮಲಿಗೆ ಈಗ ದುಪ್ಪಟ್ಟು ಬೇಕೆನ್ನುವ ಮೈ, ಬಿಟ್ಟರೆ ಬರುವ ನಡುಕ, ಹಾನಿ ಕಣ್ಣಿಗೆ ಕಾಣುತ್ತಿದ್ದರೂ ಮುಂದುವರಿಯುವ ಕುಡಿತ ಇವುಗಳ ಒಟ್ಟು ಹೆಸರು. ಇದೇ ಸಮೀಕ್ಷೆಯ ಪ್ರಕಾರ ಗಾಂಜಾ, ಭಂಗಿಗಳನ್ನು ಬಳಸುವವರು ಶೇ 2.8ರಷ್ಟು. ಸಿನಿಮಾ ನಟನಟಿಯರ ಪಾರ್ಟಿಯಲ್ಲಿ ಸಿಕ್ಕ ಮಾತ್ರೆಗಳ ಸುದ್ದಿಗೆ ವಾರಗಟ್ಟಲೆ ಜಾಗ ಕೊಡುವ ಮಾಧ್ಯಮಗಳು ಶೇ 14.6 ಮತ್ತು ಶೇ 2.8 ಎಂಬ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ್ದು ಕಡಿಮೆ.

ಬಿಡಬೇಕೆಂದು ಮನಸ್ಸು ಮಾಡಿದರೆ ಸಾಕು ಎಂಬ ನಂಬಿಕೆ ಎಷ್ಟು ವ್ಯಾಪಕವೋ ಅಷ್ಟೇ ಅಪೂರ್ಣವಾದುದು, ಏಕೆಂದರೆ ವ್ಯಸನ ಹಿಡಿಯುವುದು ಆ ಮನಸ್ಸನ್ನು ಮಾಡಬೇಕಾದ ಅಂಗವನ್ನೇ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಯ ಮೆದುಳಿನ ಒಂದು ಭಾಗಕ್ಕೆ ಸಣ್ಣ ತಂತಿ ಸೇರಿಸಿ, ಸನ್ನೆಕೋಲನ್ನು ಒತ್ತಿದಾಗ ಅಲ್ಲಿಗೆ ವಿದ್ಯುತ್ತಿನ ಸಣ್ಣ ಮಿಡಿತ ಹೋಗುವಂತೆ ಮಾಡಿದ್ದರು. ಇಲಿಗಳು ಆ ಮಿಡಿತಕ್ಕಾಗಿ ಸನ್ನೆಕೋಲನ್ನು ಮತ್ತೆ ಮತ್ತೆ ಒತ್ತತೊಡಗಿದವು. ಊಟ, ಸಂಗ, ಮಕ್ಕಳ ಒಡನಾಟ ಮುಂತಾದ, ಬದುಕಿಗೆ ಬೇಕಾದ ಕೆಲಸಗಳನ್ನು ‘ಇದನ್ನು ಮತ್ತೆ ಮಾಡು’ ಎಂದು ಗುರುತು ಹಾಕಿಡುವುದಕ್ಕೆ ಮೆದುಳಿನಲ್ಲಿ ಒಂದು ವ್ಯವಸ್ಥೆ ಇದೆ ಎಂಬುದು ಆಮೇಲಿನ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಡೋಪಮಿನ್ ಎಂಬ ರಾಸಾಯನಿಕ ಅದರ ಮುಖ್ಯ ದೂತ. ಮದ್ಯ, ಹೊಗೆಸೊಪ್ಪಿನ ನಿಕೋಟಿನ್, ಅಫೀಮು, ಕೊಕೇನ್ ಇವೆಲ್ಲ ಬೇರೆ ಬೇರೆ ದಾರಿಗಳಿಂದ ಬಂದು ಇದೇ ವ್ಯವಸ್ಥೆಯನ್ನು ಬಡಿದೆಬ್ಬಿಸುತ್ತವೆ. ಪದೇ ಪದೇ ಹೀಗಾದಾಗ ಉಳಿದ ಸುಖಗಳು ಸಪ್ಪೆಯಾಗುತ್ತವೆ, ಬಾರಿನ ಬೋರ್ಡು, ಸಂಜೆಯ ಹೊತ್ತು, ಹಳೆಯ ಗೆಳೆಯನ ದನಿ ಇಂಥವು ತುಡಿತವನ್ನು ಕೆರಳಿಸುವ ಸೂಚನೆಗಳಾಗುತ್ತವೆ, ಹಣೆಯ ಹಿಂಬದಿಯಲ್ಲಿದ್ದು ಹಿಂದುಮುಂದು ಯೋಚಿಸಿ ತಡೆಯುವ ಮೆದುಳಿನ ಭಾಗದ ಹಿಡಿತ ಸಡಿಲಗೊಳ್ಳುತ್ತದೆ. ಎಲ್ಲರಿಗೂ ಹೀಗಾಗದಿರುವುದಕ್ಕೆ ಹುಟ್ಟಿನಿಂದ ಬಂದ ಗುಣವೂ ಕಾರಣ. ವಂಶವಾಹಿಗಳ ಪಾಲು ಸುಮಾರು ಅರ್ಧದಷ್ಟು ಎಂದು ಅವಳಿಗಳ ಮೇಲಿನ ಅಧ್ಯಯನಗಳು ಅಂದಾಜಿಸುತ್ತವೆ. ಉಳಿದರ್ಧವನ್ನು ಬಾಲ್ಯ, ಬಡತನ, ಒಡನಾಟ, ಮೊದಲ ಗುಟುಕಿನ ವಯಸ್ಸು, ಅಂಗಡಿಯ ಸಾಮೀಪ್ಯ ಇವು ಹಂಚಿಕೊಳ್ಳುತ್ತವೆ.

ಮದ್ಯದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಕೋಶಗಳನ್ನು ಶಾಂತಗೊಳಿಸಿದರೆ ಗ್ಲುಟಮೇಟ್ ಎಂಬುದು ಉದ್ರೇಕಿಸುತ್ತದೆ. ಮದ್ಯ ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ಅದುಮುತ್ತದೆ. ವರ್ಷಗಟ್ಟಲೆ ಹೀಗೆ ಅದುಮಿಸಿಕೊಂಡ ಮೆದುಳು, ಸಮತೋಲ ಕಾಯ್ದುಕೊಳ್ಳಲು ಉದ್ರೇಕದ ಕಡೆಯನ್ನು ಹೆಚ್ಚಿಸಿಕೊಂಡಿರುತ್ತದೆ. ಅಂಥವನು ಒಮ್ಮೆಲೇ ಕುಡಿತ ನಿಲ್ಲಿಸಿದರೆ ಮೇಲಿನ ಭಾರ ತೆಗೆದ ಸ್ಪ್ರಿಂಗಿನಂತೆ ಮೆದುಳು ಜಿಗಿಯುತ್ತದೆ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರೆಗೇಡು; ಒಂದೆರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್; ಎರಡು ಮೂರು ದಿನಗಳ ಹೊತ್ತಿಗೆ ಇನ್ನು ಕೆಲವರಿಗೆ ಇಲ್ಲದ್ದು ಕಾಣಿಸಿ, ಕೇಳಿಸಿ, ತಾನೆಲ್ಲಿದ್ದೇನೆಂಬ ಅರಿವು ತಪ್ಪುವ ಸನ್ನಿ ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಈ ಸನ್ನಿಯಿಂದ ಸಾವೂ ಸಂಭವಿಸಬಹುದು. ಊರವರು ಇದನ್ನು ‘ಗಾಳಿ ಸೋಕಿದೆ’ ಎಂದು ತಿಳಿದು ಮಂತ್ರ ಹಾಕಿಸುತ್ತ ಕಳೆದುಕೊಳ್ಳುವ ಒಂದೆರಡು ದಿನಗಳೇ ಜೀವ ಉಳಿಸಬಹುದಾಗಿದ್ದ ದಿನಗಳು. ವಿಟಮಿನ್ ಬಿ1ರ ಚುಚ್ಚುಮದ್ದು ಮತ್ತು ನರಗಳನ್ನು ಹಂತಹಂತವಾಗಿ ಶಾಂತಗೊಳಿಸುವ ಮಾತ್ರೆಗಳಿಂದ ಜಿಲ್ಲಾ ಆಸ್ಪತ್ರೆಯಲ್ಲಿಯೂ ಇದನ್ನು ನಿಭಾಯಿಸಲು ಸಾಧ್ಯ.

ಕುಡಿತ ಒಮ್ಮೆಲೇ ನಿಂತರೆ ಏನಾಗುತ್ತದೆ ಎಂಬುದನ್ನು ಇಡೀ ದೇಶವೇ ಒಮ್ಮೆ ಕಂಡಿತು. 2020ರ ಮಾರ್ಚ್ 25ರಂದು ಕೊರೊನಾ ಲಾಕ್‌ಡೌನ್ ಜಾರಿಯಾಗಿ ಮದ್ಯದಂಗಡಿಗಳು ಯಾವ ಮುನ್ಸೂಚನೆಯೂ ಇಲ್ಲದೆ ಮುಚ್ಚಿದಾಗ, ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್ ಮತ್ತು ಸನ್ನಿಯ ಸ್ಥಿತಿಯಲ್ಲಿ ಬರುವವರ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್ ಸಂಶೋಧಕರು ದಾಖಲಿಸಿದರು. ನೆರೆಯ ಕೇರಳದಲ್ಲಿ ಸರ್ಕಾರವು ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಹೊರಟು, ಹೈಕೋರ್ಟಿನ ತಡೆಯಾಜ್ಞೆಯಿಂದ ಹಿಂದೆ ಸರಿಯಬೇಕಾಯಿತು. ಮೇ 4ರಂದು ಕರ್ನಾಟಕದಲ್ಲಿ ಅಂಗಡಿಗಳು ಮತ್ತೆ ತೆರೆದಾಗ ಕಂಡ ಮೈಲುದ್ದದ ಸಾಲುಗಳನ್ನು ದೂರದರ್ಶನ ವಾಹಿನಿಗಳು ತಮಾಷೆಯಾಗಿ ತೋರಿಸಿದವು, ಮರುದಿನ ಒಂದೇ ದಿನ 197 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತೆಂಬ ಸುದ್ದಿ ಅಬಕಾರಿ ಇಲಾಖೆಯಿಂದ ಹೊರಬಿತ್ತು. ಆ ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಮಂದಿ ಖುಷಿಗಾಗಿ, ಎಷ್ಟು ಮಂದಿ ಕೈನಡುಕ ನಿಲ್ಲಲೆಂದು ನಿಂತಿದ್ದರು ಎಂಬುದನ್ನು ಯಾರೂ ಎಣಿಸಲಿಲ್ಲ.

ದೇಹದ ಹಾನಿಯನ್ನು ವಿಸ್ತರಿಸಿ ಹೇಳುವ ಅಗತ್ಯವಿಲ್ಲ. ಯಕೃತ್ತು ಕೆಡುವುದು ಎಲ್ಲರೂ ಬಲ್ಲ ಸಂಗತಿ. ಅಷ್ಟಾಗಿ ತಿಳಿಯದ ಸಂಗತಿಯೆಂದರೆ ಮದ್ಯ ಕ್ಯಾನ್ಸರಿಗೂ ಕಾರಣ ಎಂಬುದು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿಯೇ ಅದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ, ಗಂಟಲು, ಅನ್ನನಾಳ, ಸ್ತನಗಳ ಕ್ಯಾನ್ಸರ್ ಕೂಡ ಈ ಪಟ್ಟಿಯಲ್ಲಿವೆ. ಗುಟ್ಕಾ, ಬೀಡಿಗಳ ಜೊತೆಗೆ ಕುಡಿತ ಸೇರಿದಾಗ ಬಾಯಿಯ ಕ್ಯಾನ್ಸರಿನ ಅಪಾಯ ಎರಡರ ಮೊತ್ತಕ್ಕಿಂತಲೂ ಮೇಲೇರುತ್ತದೆ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 26 ಲಕ್ಷ ಸಾವುಗಳಿಗೆ ಮದ್ಯ ಕಾರಣವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಮನೆಯೊಳಗಿನ ಹಾನಿಗೆ ಮಾತ್ರ ಸ್ವಲ್ಪ ನಿಲ್ಲಬೇಕು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿಕೊಂಡ ಮದುವೆಯಾದ ಹೆಣ್ಣುಮಕ್ಕಳ ಪ್ರಮಾಣ ಕರ್ನಾಟಕದಲ್ಲಿ ಶೇ 44ರಷ್ಟಿದ್ದು, ದೇಶದಲ್ಲಿಯೇ ಅತಿ ಹೆಚ್ಚಿನದಾಗಿತ್ತು. ಅದೇ ಸಮೀಕ್ಷೆಯ ಅಖಿಲ ಭಾರತ ಅಂಕಿಗಳಲ್ಲಿ, ಗಂಡ ಕುಡಿಯದವನಾದರೆ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದ ಹೆಂಡಂದಿರು ಶೇ 23, ಗಂಡ ಆಗಾಗ ಅಮಲೇರಿಸಿಕೊಳ್ಳುವವನಾದರೆ ಶೇ 70. ಕುಡಿತವೇ ಹಿಂಸೆಯ ಏಕೈಕ ಕಾರಣವಲ್ಲ, ಏಕೆಂದರೆ ಕುಡಿಯದ ಗಂಡಸರೂ ಹೊಡೆಯುತ್ತಾರೆ, ಕುಡಿದವನು ಬಾರಿನಲ್ಲಿ ಮಾಲೀಕನ ಮೇಲೆ ಕೈಯೆತ್ತದೆ ಮನೆಗೆ ಬಂದು ಹೆಂಡತಿಯ ಮೇಲೆ ಎತ್ತುವುದರಲ್ಲಿ ಅಮಲಿಗಿಂತ ಅಧಿಕಾರದ ಪಾಲೇ ಹೆಚ್ಚು. ಆದರೂ ಅಮಲು ಆ ಕೈಯನ್ನು ಸುಲಭವಾಗಿ ಮೇಲೆತ್ತಿಸುತ್ತದೆ ಎಂಬುದನ್ನು 23 ಮತ್ತು 70ರ ನಡುವಿನ ಅಂತರ ತೋರಿಸುತ್ತದೆ. ಸ್ವಸಹಾಯ ಸಂಘದ ಸಾಲ ತೆಗೆದು ಮನೆ ನಡೆಸುವವಳು, ಪಡಿತರದ ಅಕ್ಕಿ ಮಾರಿಹೋಗದಂತೆ ಬಚ್ಚಿಡುವವಳು, ಗಂಡ ಕೆಲಸಕ್ಕೆ ಬರಲಿಲ್ಲವೇಕೆಂದು ಕೇಳಿದ ಮೇಸ್ತ್ರಿಗೆ ‘ಜ್ವರ’ ಎಂದು ಸುಳ್ಳು ಹೇಳುವವಳು ಒಬ್ಬಳೇ. ಸಂಜೆ ಅಪ್ಪನ ಹೆಜ್ಜೆ ಸಪ್ಪಳದಿಂದಲೇ ಆ ರಾತ್ರಿ ಹೇಗಿರುತ್ತದೆಂದು ಅಳೆಯಲು ಕಲಿತ ಮಕ್ಕಳಿಗೆ ಆತಂಕ, ಓದಿನಲ್ಲಿ ಹಿನ್ನಡೆ, ಮುಂದೆ ತಾವೂ ಕುಡಿತಕ್ಕೆ ಬೀಳುವ ಸಾಧ್ಯತೆ ಇವೆಲ್ಲವೂ ಇತರ ಮಕ್ಕಳಿಗಿಂತ ಹೆಚ್ಚು.

ಕರ್ನಾಟಕದ ಹಳ್ಳಿಗಳಿಗೆ ಅಮಲು ಹೊಸದಲ್ಲ. ಈಚಲು, ತೆಂಗು, ಬೈನೆ ಮರಗಳಿಂದ ಇಳಿಸಿದ ಹೆಂಡ ಮಾರಿಹಬ್ಬದಲ್ಲಿಯೂ ಕರಾವಳಿಯ ದೈವಗಳ ಎಡೆಯಲ್ಲಿಯೂ ಸ್ಥಾನ ಪಡೆದಿತ್ತು. ಆದರೆ ಹೆಂಡದಲ್ಲಿ ಆಲ್ಕೊಹಾಲ್ ಶೇ ನಾಲ್ಕೈದರಷ್ಟಿದ್ದು, ಅದು ಒಂದೆರಡು ದಿನಗಳಲ್ಲಿ ಹುಳಿಯಾಗಿ ಕೆಡುತ್ತಿದ್ದುದರಿಂದ ಕೂಡಿಟ್ಟು ಕುಡಿಯುವ ಮಾತಿರಲಿಲ್ಲ. ಬಟ್ಟಿಯಿಳಿಸಿದ ಸಾರಾಯಿಯಾದರೋ ಕೆಡದು, ಸಾಗಿಸಬಹುದು, ತೆರಿಗೆ ಹಾಕಬಹುದು. ಬ್ರಿಟಿಷರ ಕಾಲದ ಅಬಕಾರಿ ಪದ್ಧತಿ (ಪಾರಸಿ ಭಾಷೆಯಲ್ಲಿ ‘ಆಬ್’ ಎಂದರೆ ನೀರು) ಮನೆಯ ಬಟ್ಟಿಯನ್ನು ಅಪರಾಧವಾಗಿಸಿ ಗುತ್ತಿಗೆದಾರನ ಬಟ್ಟಿಯನ್ನು ಆದಾಯವಾಗಿಸಿತು. ಪಾನನಿರೋಧವನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವವಾಗಿ ಸಂವಿಧಾನದ 47ನೆಯ ವಿಧಿ ಸಾರಿದರೂ, ಮೈಸೂರು ರಾಜ್ಯವು 1967ರಲ್ಲಿ ಪಾನನಿರೋಧವನ್ನು ಸಡಿಲಿಸಿತು. ಮುಂದಿನ ದಶಕಗಳು ಸಾರಾಯಿ ಗುತ್ತಿಗೆದಾರರ ಕಾಲ. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಸಾರಾಯಿ ಹಳ್ಳಿಹಳ್ಳಿಗೆ ತಲುಪಿದ್ದೂ ಗುತ್ತಿಗೆಯ ಹಣ ರಾಜಕೀಯಕ್ಕೆ ಹರಿದದ್ದೂ ಆ ಕಾಲದ ಮಾತು.

ಇದೇ ಕಾಲದಲ್ಲಿ, 1981ರ ಜುಲೈನಲ್ಲಿ, ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಕಳ್ಳಬಟ್ಟಿಯ ದುರಂತಗಳಲ್ಲಿ ಕೊಲ್ಲುವುದು ಸಾಮಾನ್ಯವಾಗಿ ಮೆಥನಾಲ್. ಕಾರ್ಖಾನೆಗಳಲ್ಲಿ ದ್ರಾವಕವಾಗಿ ಬಳಸುವ, ನೋಡಲು ಮತ್ತು ಮೂಸಲು ಕುಡಿಯುವ ಆಲ್ಕೊಹಾಲಿನಂತೆಯೇ ಇರುವ ಈ ಅಗ್ಗದ ದ್ರವ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಬದಲಾಗಿ, ಮೊದಲು ಕಣ್ಣಿನ ನರವನ್ನು, ಆಮೇಲೆ ಉಸಿರನ್ನು ಕಸಿಯುತ್ತದೆ. ಕುಡಿದ ಕೂಡಲೇ ಏನೂ ಆಗದೆ, ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಕಣ್ಣು ಮಂಜಾಗುವುದು ಅದರ ಗುರುತು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಹೆಣ್ಣುಮಕ್ಕಳ ಬಹುಕಾಲದ ಬೇಡಿಕೆ ಈಡೇರಿತೆಂಬ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತ, ಕೋಲಾರದ ಕಡೆ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ವಿಷದ ಮದ್ಯಕ್ಕೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಸಾರಾಯಿ ಬಿಟ್ಟು ಹೋದ ಜಾಗವನ್ನು ಅಗ್ಗದ ವಿಸ್ಕಿ, ರಮ್ ತುಂಬಿದವು. ಹೆಸರಿಗೆ ‘ಭಾರತೀಯ ತಯಾರಿಕೆಯ ವಿದೇಶಿ ಮದ್ಯ’ ಎಂದಿದ್ದರೂ ಇವುಗಳಲ್ಲಿ ಬಹುಪಾಲು, ಸಾರಾಯಿಯಂತೆಯೇ, ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಂದ ಸ್ಪಿರಿಟ್ಟಿಗೆ ಬಣ್ಣ ಮತ್ತು ಸುವಾಸನೆ ಸೇರಿಸಿದ ಸರಕು. ಪ್ಲಾಸ್ಟಿಕ್ ಪ್ಯಾಕೆಟ್ಟು ಹೋಗಿ ಕಾಗದದ ಪೊಟ್ಟಣ ಬಂತು. ಅದೂ ಪರವಾನಗಿ ಇರುವ ಅಂಗಡಿಯಲ್ಲಿ ಮಾತ್ರ ನಿಲ್ಲದೆ, ಹಳ್ಳಿಯ ಬೀಡಿ ಅಂಗಡಿ, ಕಿರಾಣಿ ಅಂಗಡಿಗಳ ಮರೆಗೂ ತಲುಪಿತು.

ಸಾರಾಯಿಯ ಕಾಲದಲ್ಲಿ ಗುತ್ತಿಗೆದಾರನಿಗಿದ್ದ ಹಿಡಿತ ಈಗ ನೇರವಾಗಿ ಸರ್ಕಾರದ ಕೈಯಲ್ಲಿದೆ. 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಗೋದಾಮುಗಳ ಮೂಲಕವೇ ಸಗಟು ಮದ್ಯವೆಲ್ಲ ಹಾದುಹೋಗುತ್ತದೆ. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಸಂಸ್ಥೆ ಚಿಲ್ಲರೆ ಮಳಿಗೆಗಳನ್ನೂ ನಡೆಸುತ್ತದೆ. ಇದೇ ಸರ್ಕಾರದ ಬಳಿ ಮದ್ಯಪಾನ ಸಂಯಮ ಮಂಡಳಿ ಎಂಬ, ಕುಡಿಯಬೇಡಿರೆಂದು ಬೋಧಿಸುವ ಇನ್ನೊಂದು ಸಂಸ್ಥೆಯೂ ಇದೆ. ಎರಡರ ಗಾತ್ರಕ್ಕೂ ಹೋಲಿಕೆಯಿಲ್ಲ. 2023–24ರಲ್ಲಿ ಅಬಕಾರಿ ಆದಾಯ 34 ಸಾವಿರ ಕೋಟಿ ರೂಪಾಯಿ ದಾಟಿತು, 2025–26ರ ಆಯವ್ಯಯದಲ್ಲಿ ಅದಕ್ಕೆ 40 ಸಾವಿರ ಕೋಟಿಯ ಗುರಿ ನಿಗದಿಯಾಯಿತು. ಈ ಹಣ ಯಾರ ಜೇಬಿನಿಂದ ಬರುತ್ತದೆ ಎಂಬುದನ್ನು ಒಂದು ಸರಳ ಭಾಗಾಕಾರ ಹೇಳುತ್ತದೆ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಕುಡಿಯುವವರು ಶೇ 16.5, ಹೆಂಗಸರಲ್ಲಿ ಶೇ ಒಂದಕ್ಕೂ ಕಡಿಮೆ. ಗಂಡಸರ ಪ್ರಮಾಣ ದೇಶದ ಸರಾಸರಿಗಿಂತ ಕೆಳಗಿದೆ. ವಯಸ್ಕ ಗಂಡಸರ ಸಂಖ್ಯೆಯನ್ನು ಸುಮಾರು 2.6 ಕೋಟಿ ಎಂದು ಹಿಡಿದರೆ ಕುಡಿಯುವವರು 43 ಲಕ್ಷದ ಆಸುಪಾಸು, ಅಬಕಾರಿ ತೆರಿಗೆಯೊಂದೇ ತಲೆಗೆ ವರ್ಷಕ್ಕೆ ಸುಮಾರು 80 ಸಾವಿರ, ತಿಂಗಳಿಗೆ 6,700 ರೂಪಾಯಿ. ಸಮೀಕ್ಷೆಯವರ ಮುಂದೆ ಎಲ್ಲರೂ ನಿಜ ಹೇಳುವುದಿಲ್ಲವಾದ್ದರಿಂದ ಕುಡಿಯುವವರ ಸಂಖ್ಯೆಯನ್ನು ದುಪ್ಪಟ್ಟು ಮಾಡಿದರೂ ತಿಂಗಳಿಗೆ ಮೂರು ಸಾವಿರಕ್ಕಿಂತ ಕೆಳಗಿಳಿಯದು, ಮದ್ಯ ತಯಾರಕನ ಪಾಲು, ಅಂಗಡಿಯವನ ಲಾಭ ಇದಕ್ಕೆ ಹೊರತು. ಗೃಹಲಕ್ಷ್ಮಿ ಯೋಜನೆ ಮನೆಯೊಡತಿಗೆ ತಿಂಗಳಿಗೆ ಕೊಡುವುದು 2,000 ರೂಪಾಯಿ. ಹೆಂಡತಿಗೆ ಕೊಟ್ಟು ಗಂಡನಿಂದ ಕಿತ್ತುಕೊಳ್ಳುತ್ತಾರೆಂಬ ವಿರೋಧ ಪಕ್ಷಗಳ ಆಕ್ಷೇಪದಲ್ಲಿ ರಾಜಕೀಯ ಇದ್ದೇ ಇದೆ, ಅಧಿಕಾರದಲ್ಲಿದ್ದಾಗ ಅವೂ ಇದೇ ಬಾಟಲಿಯಿಂದಲೇ ಬೊಕ್ಕಸ ತುಂಬಿಸಿಕೊಂಡವು ಎಂಬುದೂ ನಿಜ; ಆದರೆ ಲೆಕ್ಕ ತಪ್ಪಲ್ಲ.

ಸರಾಸರಿ ಎಂಬುದೂ ಇಲ್ಲಿ ಅರ್ಧ ಸತ್ಯ. ಫ್ರಾನ್ಸಿನ ಜನಸಂಖ್ಯಾ ಶಾಸ್ತ್ರಜ್ಞ ಸುಲ್ಲಿ ಲೆಡರ್‌ಮನ್ 1956ರಲ್ಲಿ ತೋರಿಸಿಕೊಟ್ಟಂತೆ, ಒಂದು ಸಮಾಜದ ಮದ್ಯ ಕುಡಿಯುವವರೆಲ್ಲರ ನಡುವೆ ಸಮನಾಗಿ ಹಂಚಿಹೋಗಿರುವುದಿಲ್ಲ. ಬಹುಭಾಗವನ್ನು ಕುಡಿದು ಮುಗಿಸುವವರು ಅತಿಯಾಗಿ ಕುಡಿಯುವ ಒಂದು ಸಣ್ಣ ಗುಂಪಿನವರು. ಲೆಡರ್‌ಮನ್ನನ ಗಣಿತದ ಸೂತ್ರದ ಬಗ್ಗೆ ಆಮೇಲೆ ತಕರಾರು ಬಂದರೂ ಈ ಮೂಲ ಸಂಗತಿ ನಿಂತಿದೆ. ಹಾಗೆಂದರೆ ಹಬ್ಬಕ್ಕೊಮ್ಮೆ ಕುಡಿಯುವವನಿಂದ ಬೊಕ್ಕಸಕ್ಕೆ ಬರುವುದು ಅಲ್ಪ. ಮದ್ಯದ ಆದಾಯದ ದೊಡ್ಡ ಪಾಲು ನಿಂತಿರುವುದು ಚಿಕಿತ್ಸೆ ಬೇಕಾದ ರೋಗಿಗಳ ಮೇಲೆ. ಕರ್ನಾಟಕದಲ್ಲಿಯೇ ನಿಮ್ಹಾನ್ಸ್ ಸಂಶೋಧಕರು ಆಸ್ಪತ್ರೆ ವೆಚ್ಚ, ಕಳೆದುಹೋದ ದುಡಿಮೆ, ಅಪಘಾತಗಳನ್ನು ಲೆಕ್ಕ ಹಾಕಿ, ಕುಡಿತದಿಂದ ಸಮಾಜಕ್ಕಾಗುವ ನಷ್ಟ ಅಬಕಾರಿ ಆದಾಯವನ್ನು ಮೀರುತ್ತದೆಂದು ತೋರಿಸಿ ಎರಡು ದಶಕಗಳೇ ಕಳೆದಿವೆ. ಆದಾಯ ಒಂದು ಇಲಾಖೆಯ ಪುಸ್ತಕದಲ್ಲಿ ಒಟ್ಟಾಗಿ ಕಾಣುತ್ತದೆ, ನಷ್ಟ ಲಕ್ಷಾಂತರ ಮನೆಗಳಲ್ಲಿ ಚೂರುಚೂರಾಗಿ ಬೀಳುತ್ತದೆ. ಆಯವ್ಯಯ ಪತ್ರದಲ್ಲಿ ಆ ಚೂರುಗಳಿಗೆ ಶೀರ್ಷಿಕೆಯೇ ಇಲ್ಲ.

ಆ ಚೂರುಗಳನ್ನು ಕೂಡಿಸಿ ತೋರಿಸಿದವರು ಹೆಣ್ಣುಮಕ್ಕಳು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಸಾಕ್ಷರತಾ ತರಗತಿಗೆ ಬರುತ್ತಿದ್ದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ್ದು ಇಡೀ ರಾಜ್ಯಕ್ಕೆ ಹಬ್ಬಿ, 1995ರಲ್ಲಿ ಸಂಪೂರ್ಣ ಪಾನನಿರೋಧವೇ ಬಂದಿತ್ತು. ಅದು ಎರಡು ವರ್ಷ ಬಾಳಿ 1997ರಲ್ಲಿ ಸಡಿಲವಾಯಿತು. ಕರ್ನಾಟಕದಲ್ಲಿ 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು, ಅವರಲ್ಲಿ ಬಹಳ ಮಂದಿ ರಾಯಚೂರು ಮತ್ತು ಸುತ್ತಲಿನ ಜಿಲ್ಲೆಗಳ ಕೂಲಿಕಾರರು, ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಬಂದರು. ಅವರ ಬೇಡಿಕೆ ಸಂಪೂರ್ಣ ನಿಷೇಧ. ಗುಜರಾತ್, ಬಿಹಾರಗಳ ಅನುಭವ ನೋಡಿದರೆ ನಿಷೇಧವೊಂದೇ ಕಳ್ಳಬಟ್ಟಿಗೂ ಲಂಚಕ್ಕೂ ದಾರಿ ತೆರೆಯುತ್ತದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಆಕ್ಷೇಪವನ್ನು ಮುಂದಿಡುವ ಅಧಿಕಾರಸ್ಥರು, ನಿಷೇಧಕ್ಕಿಂತ ಬಹಳ ಇತ್ತಲಿನ ಕ್ರಮಗಳನ್ನೂ, ಎಂದರೆ ಹಳ್ಳಿಯ ಕಿರಾಣಿ ಅಂಗಡಿಯ ಅಕ್ರಮ ಮಾರಾಟ ತಡೆಯುವುದು, ಶಾಲೆ ಮತ್ತು ವಸತಿಯ ಬಳಿ ಹೊಸ ಅಂಗಡಿ ಕೊಡದಿರುವುದು, ಗ್ರಾಮಸಭೆಯ ಆಕ್ಷೇಪಣೆಗೆ ಬೆಲೆ ಕೊಡುವುದು ಇವುಗಳನ್ನೂ ಮಾಡದೆ ಬಿಟ್ಟಿರುವುದರಿಂದ ಅವರ ವಾದಕ್ಕೆ ತೂಕ ಕಡಿಮೆ.

ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಗೆ ಇನ್ನೊಂದು ಕಾಟವಿದೆ. ತೆಲಂಗಾಣದ ಗಡಿಯ ಈ ಹಳ್ಳಿಗಳಲ್ಲಿ ಕದ್ದು ಮಾರುವ ಸೇಂದಿಯಲ್ಲಿ ಮರದ ರಸಕ್ಕಿಂತ ನೀರು, ಸ್ಯಾಕರಿನ್ ಮತ್ತು ‘ಸಿಎಚ್ ಪೌಡರ್’ ಹೆಚ್ಚು. ಸಿಎಚ್ ಎಂಬುದು ಕ್ಲೋರಲ್ ಹೈಡ್ರೇಟಿನ ಸಂಕ್ಷಿಪ್ತ ರೂಪ. ಹಿಂದೆ ವೈದ್ಯರು ನಿದ್ರೆ ಬರಿಸಲು ಕೊಡುತ್ತಿದ್ದ ಔಷಧ ಅದು. ಅದನ್ನು ದಿನವೂ ಕುಡಿದವರಿಗೆ ಒಂದೆರಡು ದಿನ ಸಿಗದಿದ್ದರೆ ಸನ್ನಿ, ಫಿಟ್ಸ್ ಬರುತ್ತವೆ. ಗಂಡಸರಷ್ಟೇ ಅಲ್ಲದೆ ಹೊಲದ ಕೆಲಸ ಮುಗಿಸಿ ಬಂದ ಹೆಂಗಸರೂ ಮೈನೋವಿಗೆಂದು ಕುಡಿಯುವ ಈ ಸೇಂದಿ, ಮದ್ಯ ಬೇರೆ ಮಾದಕವಸ್ತು ಬೇರೆ ಎಂಬ ಪಟ್ಟಣದ ವಿಂಗಡಣೆಯನ್ನು ಅಳಿಸಿಹಾಕುತ್ತದೆ. ಇನ್ನು ಗಾಂಜಾದಂಥ ಮಾದಕವಸ್ತುಗಳ 1985ರ ಕಾಯ್ದೆಯಡಿ ಬಳಕೆದಾರನೂ ಅಪರಾಧಿಯೇ, ಆದರೆ ಸ್ವಯಂ ಮುಂದೆ ಬಂದು ಚಿಕಿತ್ಸೆ ಪಡೆಯುವ ವ್ಯಸನಿಗೆ ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ವಿಚಾರಣೆಯಿಂದ ರಕ್ಷಣೆ ಕೊಡುವ 64ಎ ಎಂಬ ಕಲಮೂ ಅದರಲ್ಲಿದೆ. ಗಾಂಜಾ ಸೇದಿ ಸಿಕ್ಕಿಬಿದ್ದ ಕಾಲೇಜು ಹುಡುಗನ ತಂದೆತಾಯಿಗೆ ಈ ಕಲಮು ಗೊತ್ತಿರುವುದು ಅಪರೂಪ.

ಇಷ್ಟು ದೊಡ್ಡ ಕಾಯಿಲೆಗೆ ಚಿಕಿತ್ಸೆ ಪಡೆಯುವವರು ಬೆರಳೆಣಿಕೆಯಷ್ಟು. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮದ್ಯದ ಅವಲಂಬನೆ ಇರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮನೆಗಳ ಹೆಂಗಸರನ್ನು ನಂಬಿಕೊಂಡೇ ಗೋಡೆಗಳ ಮೇಲೆ, ಬಸ್ಸುಗಳ ಹಿಂದೆ ‘ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂಬ ಜಾಹೀರಾತುಗಳು ಬದುಕಿವೆ. ಸಾರಿನಲ್ಲಿ ಬೆರೆಸಲು ಕೊಡುವ ಇಂಥ ಕೆಲವು ಪುಡಿಗಳಲ್ಲಿ ಇರುವುದು ಡೈಸಲ್ಫಿರಾಮ್. 1940ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದರ ಗುಣವನ್ನು ಕಂಡುಕೊಂಡರು: ಮದ್ಯ ದೇಹದಲ್ಲಿ ಒಡೆಯುವಾಗ ನಡುವೆ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಕರಗಿಸುವ ಕಿಣ್ವಕ್ಕೆ ಇದು ತಡೆಯೊಡ್ಡುವುದರಿಂದ, ಮಾತ್ರೆ ತೆಗೆದುಕೊಂಡವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳುವವನಿಗೆ ಇದು ಬೇಲಿ. ತಿಳಿಯದೆ ತಿಂದು ಕ್ವಾರ್ಟರ್ ಏರಿಸಿದವನ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಔಷಧಗಳೂ ಇವೆ. ಇವು ಕುಡಿದವನನ್ನು ಶಿಕ್ಷಿಸುವ ಔಷಧಗಳಲ್ಲ.

ಔಷಧದ ಆಚೆಗೆ ಕೆಲಸ ಮಾಡುವುದು ಒಡನಾಟ. ಅಯ್ಯಪ್ಪನ ಮಾಲೆ ಹಾಕಿದ ದಿನಗಳಲ್ಲಿ ಕುಡಿತ ಬಿಟ್ಟು, ಮಾಲೆ ತೆಗೆದ ವಾರದಲ್ಲಿ ಮತ್ತೆ ಹಿಡಿಯುವವರನ್ನು ಕಂಡು ನಗುವವರು ಅದರಲ್ಲಿರುವ ಪಾಠವನ್ನು ಗಮನಿಸುವುದಿಲ್ಲ. ಬೇರೆ ಬಟ್ಟೆ, ‘ಸ್ವಾಮಿ’ ಎಂಬ ಬೇರೆ ಹೆಸರು, ಕುಡಿಯದ ಗೆಳೆಯರು, ಬೆಳಗು ಸಂಜೆಗೊಂದು ಕಟ್ಟುಪಾಡು ಇಷ್ಟು ದೊರೆತಾಗ ಅದೇ ಮನುಷ್ಯ ಕುಡಿಯದೆ ಇರಬಲ್ಲ, ಅವು ಹೋದಾಗ ಇರಲಾರ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ನಿಂತಿರುವುದೂ ಇದೇ ತತ್ತ್ವದ ಮೇಲೆ. ಹೆಸರು ಹೊರಗೆಡಹದೆ, ಶುಲ್ಕವಿಲ್ಲದೆ ನಡೆಯುವ ಅದರ ಸಭೆಗಳು ಕರ್ನಾಟಕದಲ್ಲಿಯೂ ಇವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಹಳ್ಳಿಯ ಕಲ್ಯಾಣ ಮಂಟಪ, ಸಮುದಾಯ ಭವನಗಳಲ್ಲಿ ನಡೆಸುವ, ಸುಮಾರು ಎಂಟು ದಿನಗಳ ಮದ್ಯವರ್ಜನ ಶಿಬಿರಗಳ ಬಲವೂ ಶಿಬಿರಕ್ಕಿಂತ ಅನಂತರದ ‘ನವಜೀವನ ಸಮಿತಿ’ಯಲ್ಲಿದೆ, ಏಕೆಂದರೆ ಅಲ್ಲಿ ಬಿಟ್ಟವರು ಬಿಟ್ಟವರೊಡನೆ ವಾರ ವಾರ ಕೂಡುತ್ತಾರೆ. ಬಿಟ್ಟವನು ಮತ್ತೆ ಬೀಳುವುದು ಈ ಕಾಯಿಲೆಯ ಲಕ್ಷಣಗಳಲ್ಲಿ ಒಂದು. ಸಕ್ಕರೆ ಕಾಯಿಲೆಯವನ ಸಕ್ಕರೆ ಏರಿದರೆ ಮಾತ್ರೆ ಬದಲಿಸುವ ಸಮಾಜವು, ಇವನು ಬಿದ್ದರೆ ಮಾತ್ರ ‘ಇವನಷ್ಟೇ’ ಎಂದು ಕೈಬಿಡುತ್ತದೆ. ಸರಪಳಿ ಬಿಗಿದು, ಹೊಡೆದು ಚಟ ಬಿಡಿಸುತ್ತೇವೆನ್ನುವ ಖಾಸಗಿ ಕೇಂದ್ರಗಳು ಬದುಕುವುದು ಈ ಕೈಬಿಡುವಿಕೆಯ ಮೇಲೆಯೇ. ಅಂಥ ಕಡೆ ಯಾರನ್ನೂ ಸೇರಿಸಬಾರದು, ಅದು ಕಾನೂನಿಗೂ ವಿರುದ್ಧ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅಲ್ಲಿಗೆ ಹೋಗಲಾಗದವರಿಗೆ 14446 ಎಂಬ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಯೂ, 2022ರ ಅಕ್ಟೋಬರಿನಿಂದ ನಡೆಯುತ್ತಿರುವ 14416 ಎಂಬ ಟೆಲಿಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯೂ ಇವೆ. ಎರಡನೆಯದರಲ್ಲಿ ಕನ್ನಡದಲ್ಲಿ ಮಾತನಾಡಬಹುದು, ಕರೆಗೆ ಹಣವಿಲ್ಲ, ಮತ್ತು ಕರೆ ಮಾಡುವವರು ಕುಡಿಯುವವರೇ ಆಗಿರಬೇಕೆಂದಿಲ್ಲ, ಹೆಂಡತಿ, ತಾಯಿ, ಮಗಳು ಯಾರು ಮಾಡಿದರೂ ನಡೆಯುತ್ತದೆ.